ಮಳೆಗಾಲಕ್ಕೊಂದು ವಿಶ್ವಕೋಶ

ವೃಷಭ ಮಾಸ ಮುಗಿಯುತ್ತ ಬಂದು ಪಡುವಣ ಕಡಲಿನ ಮೇಲೆ ಮೊದಲ ಮೋಡ ಕಾಣಿಸಿಕೊಂಡಿತೆಂದರೆ ನಮ್ಮ ಉಡುಪಿ ಸೀಮೆಯ ಮನೆಗಳಲ್ಲಿ ಒಂದು ಬಗೆಯ ಗಡಿಬಿಡಿ ತೊಡಗುತ್ತದೆ. ಕಟ್ಟಿಗೆ ಕೊಟ್ಟಿಗೆಯನ್ನು ಸೇರುತ್ತದೆ. ಹಲಸಿನ ಹಪ್ಪಳ, ಮಾವಿನ ಮಿಡಿಯ ಭರಣಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕೆಲವು ಮನೆಗಳಲ್ಲಿ ಒಣಮೀನು, ಒಂದೊಂದೂ ತನ್ನ ತನ್ನ ಜಾಗಕ್ಕೆ ಏರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡು ನಮ್ಮದು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಪೇಟೆಯ ದಾರಿ ಯಾವಾಗ ತೆರೆದಿರುತ್ತದೆ, ಯಾವಾಗ ಮುಚ್ಚಿರುತ್ತದೆ ಎಂದು ಹೇಳುವಂತಿರಲಿಲ್ಲ. ಹಿರಿಯರು ಅದನ್ನು ಬಲ್ಲವರಾಗಿ ಅಟ್ಟವನ್ನು ತುಂಬಿಸಿ ಇಟ್ಟರು.

ಆ ಅಟ್ಟದ ಸಾಮಾನಿಗೆ ಇನ್ನೊಂದನ್ನು ಸೇರಿಸಿಕೊಳ್ಳಿರೆಂದು ಕೇಳುವುದಕ್ಕೆ ನಾನು ಈ ದಿನ ನಿಮ್ಮ ಮುಂದೆ ಬಂದಿದ್ದೇನೆ. ಅದೊಂದು ವಿಶ್ವಕೋಶ. ಅದನ್ನಿಡಲು ಕಪಾಟು ಬೇಡ. ಮನೆಯಲ್ಲಿ ಒಂದು ಕಂಪ್ಯೂಟರು ಇದ್ದರೆ ಸಾಕು. ಇಂಟರ್‌ನೆಟ್ಟು ಚೆನ್ನಾಗಿರುವ ಒಂದು ದಿನ ಅದನ್ನು ಪೂರ್ತಿಯಾಗಿ ಇಳಿಸಿಕೊಂಡುಬಿಟ್ಟರೆ, ಆಮೇಲೆ ತಂತಿ ಹರಿಯಲಿ, ಗೋಪುರ ಮೌನವಾಗಲಿ, ನಿಮ್ಮ ಮನೆಯ ಮಕ್ಕಳು ತಮಗೆ ಬೇಕಾದುದನ್ನು ತೆರೆದು ಓದಬಹುದು.

ಕನ್ನಡ ಪಂಡಿತನಿಗೆ ಈ ಯಂತ್ರದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ಶಾಲೆ ಕಾರ್ಕಳದಿಂದ ಮೂಡಣಕ್ಕೆ, ಘಟ್ಟದ ಬುಡದಲ್ಲಿದೆ. ಜೂನ್ ಹತ್ತರ ಮೇಲೆ ಅಲ್ಲಿ ಇಂಟರ್‌ನೆಟ್ಟು ಬರುವುದು ಅತಿಥಿಯಂತೆ: ತಿಥಿ ನೋಡಿ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಮಕ್ಕಳು ಮಾತ್ರ ನಿತ್ಯ ಬರುತ್ತಾರೆ, ನಿತ್ಯ ಪ್ರಶ್ನೆ ಕೇಳುತ್ತಾರೆ. ಆ ಸಂಕಟವೇ ನನಗೆ ಈ ವಿದ್ಯೆಯನ್ನು ಕಲಿಸಿತು.

ನಾನು ಹೇಳುತ್ತಿರುವ ಸಾಧನದ ಹೆಸರು ಕಿವಿಕ್ಸ್. ಇಮ್ಯಾನುಯೆಲ್ ಎಂಗೆಲ್‌ಹಾರ್ಟ್ ಮತ್ತು ರೆನೋ ಗೋದಾಂ ಎಂಬಿಬ್ಬರು 2007ರಲ್ಲಿ ಇದನ್ನು ತೊಡಗಿಸಿದರು. ಈಗ ಸ್ವಿಟ್ಜರ್ಲೆಂಡಿನ ಲಾಭಾಪೇಕ್ಷೆಯಿಲ್ಲದ ಸಂಸ್ಥೆಯೊಂದು ಇದನ್ನು ನಡೆಸುತ್ತಿದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ. ವಿಕಿಪೀಡಿಯದಂಥ ದೊಡ್ಡ ಕೋಶವೊಂದರ ಎಲ್ಲ ಪುಟಗಳನ್ನೂ ಒತ್ತಿ, ಮಡಿಸಿ, ಒಂದೇ ಕಡತವಾಗಿ ಕಟ್ಟಿಡುತ್ತಾರೆ; ಆ ಕಡತದ ಹೆಸರಿನ ಕೊನೆಗೆ ‘ಜಿಮ್’ ಎಂಬ ಬಾಲವಿರುತ್ತದೆ. ಕಿವಿಕ್ಸ್ ಎಂಬುದು ಆ ಗಂಟನ್ನು ಬಿಚ್ಚಿ ಓದಿಸುವ ಕನ್ನಡಕ. ಕನ್ನಡಕ ಬೇರೆ, ಪುಸ್ತಕ ಬೇರೆ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಆಮೇಲೆ ಬರುವ ಗೊಂದಲಗಳಲ್ಲಿ ಅರ್ಧಪಾಲು ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಬರುತ್ತವೆ.

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಈಗ ಅದರಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಲೇಖನಗಳಿವೆ. 2016ರಲ್ಲಿ ತುಳುವಿಗೂ ತನ್ನದೇ ಆದ ವಿಕಿಪೀಡಿಯ ದೊರೆಯಿತು. ಕನ್ನಡದ ಲೇಖನಗಳೆಲ್ಲ ಉತ್ತಮವೆಂದು ನಾನು ಹೇಳಲಾರೆ. ಕೆಲವು ಎಷ್ಟು ಒಡ್ಡಾಗಿ ಅನುವಾದಗೊಂಡಿವೆ ಎಂದರೆ ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ ಎಂದು ಅನ್ವಯ ಹಾಕಿ ನೋಡಬೇಕಾಗುತ್ತದೆ. ಆದರೆ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಹೊರತಂದಾಗ ಅದೆಲ್ಲವನ್ನೂ ಒಬ್ಬರೇ ಹೊತ್ತರು. ಇಲ್ಲಿ ಸಾವಿರ ಕೈ ಸೇರಿದೆ. ಕೈ ಹೆಚ್ಚಾದಲ್ಲಿ ಅಡುಗೆಯ ಉಪ್ಪು ಒಂದೇ ಹದವಾಗಿರದು.

ಇನ್ನು ಸ್ಥಾಪನೆಯ ವಿಷಯ. ‘ಡೌನ್‌ಲೋಡ್’ ಎಂಬ ಮಾತಿಗೆ ಸಂಸ್ಕೃತದಿಂದ ಘನವಾದೊಂದು ಶಬ್ದ ಕಟ್ಟಿಕೊಡಿರೆಂದು ನನ್ನನ್ನು ಕೇಳಿದವರುಂಟು. ಮಲ್ಪೆಯ ಬಂದರಿನಲ್ಲಿ ದೋಣಿಯಿಂದ ಮೀನು ಇಳಿಸುತ್ತಾರೆ, ಅಂಗಡಿಯ ಮುಂದೆ ಲಾರಿಯಿಂದ ಅಕ್ಕಿ ಇಳಿಸುತ್ತಾರೆ. ನಮಗೂ ‘ಇಳಿಸಿಕೊಳ್ಳುವುದು’ ಎಂಬ ಮಾತೇ ಸಾಕು. ಕಿವಿಕ್ಸ್ ಡಾಟ್ ಆರ್ಗ್ ಎಂಬ ವಿಳಾಸಕ್ಕೆ ಹೋಗಿ ವಿಂಡೋಸಿನ ಆವೃತ್ತಿಯನ್ನು ಇಳಿಸಿಕೊಳ್ಳಿ. ಬೇರೆ ಯಾರೋ ಕೊಡುವ ಪ್ರತಿ ಬೇಡ. ಬರುವುದು ಒಂದು ಜಿಪ್ ಕಡತ, ಎಂದರೆ ಬಾಯಿ ಕಟ್ಟಿದ ಚೀಲ. ಅನೇಕರು ಚೀಲದ ಬಾಯಿ ಬಿಚ್ಚದೆ, ಒಳಗೆ ಇಣುಕಿ, ಅಲ್ಲಿಂದಲೇ ಕಾರ್ಯಕ್ರಮವನ್ನು ಓಡಿಸಲು ಹೋಗುತ್ತಾರೆ. ಅದು ಓಡುವುದಿಲ್ಲ. ಮೊದಲು ಬಲಗುಂಡಿ ಒತ್ತಿ ‘ಎಕ್ಸ್‌ಟ್ರಾಕ್ಟ್ ಆಲ್’ ಎಂಬುದನ್ನು ಆರಿಸಿ, ಎಲ್ಲವನ್ನೂ ಒಂದು ಫೋಲ್ಡರಿಗೆ ಸುರಿಯಿರಿ. ಅದರೊಳಗೆ ಕಿವಿಕ್ಸ್ ಡೆಸ್ಕ್‌ಟಾಪ್ ಎಂಬ ಹೆಸರಿನದನ್ನು ಎರಡು ಸಲ ಒತ್ತಿದರೆ ಕಿಟಕಿ ತೆರೆದೀತು.

‘ತೆರೆದೀತು’ ಎಂದೆ, ‘ತೆರೆಯುತ್ತದೆ’ ಎನ್ನಲಿಲ್ಲ. ಮೊದಲ ತೊಡಕು ಇಲ್ಲೇ ಬರುವುದುಂಟು. ವಿಂಡೋಸ್ ದ್ವಾರಪಾಲಕನಂತೆ ಅಡ್ಡನಿಂತು, ‘ಇದು ಪರಿಚಯವಿಲ್ಲದ್ದು, ತಡೆದಿದ್ದೇನೆ’ ಎಂದು ನೀಲಿ ಹಲಗೆ ತೋರಿಸಬಹುದು. ನೀವು ಮೂಲ ವಿಳಾಸದಿಂದಲೇ ತಂದಿರುವುದು ನಿಶ್ಚಯವಾಗಿದ್ದರೆ ‘ಮೋರ್ ಇನ್ಫೋ’ ಒತ್ತಿ, ಬಳಿಕ ‘ರನ್ ಎನಿವೇ’ ಒತ್ತಿ. ಇನ್ನು ಕೆಲವು ಯಂತ್ರಗಳಲ್ಲಿ, ಏನೋ ‘ವಿಸಿ ರನ್‌ಟೈಮ್ 140’ ಕಾಣೆಯಾಗಿದೆ ಎಂಬ ದೂರು ಬರುತ್ತದೆ, ಅಥವಾ ಏನೂ ಆಗದೆ ಸುಮ್ಮನಿರುತ್ತದೆ. ಹೆದರಬೇಡಿ. ಅದಕ್ಕೆ ಬೇಕಾದ ಮದ್ದನ್ನು ಚೀಲದೊಳಗೇ ಇಟ್ಟಿದ್ದಾರೆ: ‘ವಿಸಿ ರೆಡಿಸ್ಟ್’ ಎಂಬ ಕಡತವನ್ನು ಒಮ್ಮೆ ಓಡಿಸಿ ಯಂತ್ರವನ್ನು ಮತ್ತೆ ಆರಂಭಿಸಿದರೆ ಸರಿಹೋಗುತ್ತದೆ. 32 ಬಿಟ್ಟಿನ ಬಹಳ ಹಳೆಯ ಯಂತ್ರವಾದರೆ ಈ ಆವೃತ್ತಿ ಒಗ್ಗದು. ಅಂಥವರು ಕ್ರೋಮ್ ಅಥವಾ ಫೈರ್‌ಫಾಕ್ಸ್ ಒಳಗೆ ಸೇರಿಸಿಕೊಳ್ಳುವ ಕಿವಿಕ್ಸ್ ಕಿರು ಉಪಕರಣವನ್ನು ನೋಡಬಹುದು.

ಕಿಟಕಿ ತೆರೆದಾಗ ಒಳಗೆ ಪುಸ್ತಕವೊಂದೂ ಇರುವುದಿಲ್ಲ. ‘ಇಷ್ಟು ಕಷ್ಟಪಟ್ಟು ಖಾಲಿ ಪೆಟ್ಟಿಗೆ ತಂದೆವಲ್ಲ, ಮಾರಾಯ್ರೆ’ ಎಂದು ನಮ್ಮ ಸಹೋದ್ಯೋಗಿಯೊಬ್ಬರು ನಿಟ್ಟುಸಿರಿಟ್ಟರು. ಕನ್ನಡಕ ಬಂದಿದೆ, ಪುಸ್ತಕ ಇನ್ನು ಬರಬೇಕು. ಎಡಗಡೆಯಲ್ಲಿ ಭಾಷೆಯನ್ನು ಕನ್ನಡವೆಂದು ಆರಿಸಿ ‘ಆನ್‌ಲೈನ್’ ಪಟ್ಟಿಯನ್ನು ತೆರೆದರೆ ವಿಕಿಪೀಡಿಯ, ನಿಘಂಟಾದ ವಿಕ್ಷನರಿ ಮುಂತಾದುವು ಕಾಣುತ್ತವೆ. ಒಂದೇ ವಿಕಿಪೀಡಿಯ ಹಲವು ಗಾತ್ರಗಳಲ್ಲಿರುತ್ತದೆ: ಚಿತ್ರಸಹಿತವಾದುದು ‘ಮ್ಯಾಕ್ಸಿ’, ಚಿತ್ರವಿಲ್ಲದ್ದು ‘ನೋಪಿಕ್’, ಲೇಖನದ ಪೀಠಿಕೆಯಷ್ಟೇ ಇರುವುದು ‘ಮಿನಿ’. ಇಂಗ್ಲಿಷಿನ ಚಿತ್ರಸಹಿತ ಕೋಶ ನೂರು ಜಿಬಿಯನ್ನೂ ಮೀರುತ್ತದೆ, ಅದರ ಆಸೆ ಮನೆಯ ಯಂತ್ರಕ್ಕೆ ಬೇಡ. ಕನ್ನಡದ್ದು ಅದರ ಒಂದು ಚಿಕ್ಕ ಪಾಲು. ಚಿತ್ರಸಹಿತವಾದುದನ್ನೇ ತನ್ನಿ, ಮಗುವಿಗೆ ಮಂಗಟ್ಟೆ ಹಕ್ಕಿಯ ಕೊಕ್ಕನ್ನು ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ.

ಇಳಿಸುವ ಮೊದಲು ಸೆಟ್ಟಿಂಗಿನೊಳಗೆ ಹೋಗಿ ಕಡತ ಎಲ್ಲಿಗೆ ಬಂದು ಸೇರಬೇಕೆಂಬುದನ್ನು ಗೊತ್ತುಮಾಡಿ. ಹಾಗೆ ಬಿಟ್ಟರೆ ಅದು ಸಿ ಡ್ರೈವಿನಲ್ಲಿ ಹೋಗಿ ಕೂರುತ್ತದೆ, ವಿಂಡೋಸಿಗೇ ಉಸಿರಾಡಲು ಜಾಗವಿಲ್ಲದಂತಾಗುತ್ತದೆ. ಯಂತ್ರಕ್ಕೆ ಅರ್ಧ ಗಂಟೆಗೆ ತೂಕಡಿಸುವ ಅಭ್ಯಾಸವಿದ್ದರೆ ಆ ರಾತ್ರಿಯ ಮಟ್ಟಿಗೆ ಅದನ್ನು ತಪ್ಪಿಸಿ. ಯಂತ್ರ ನಿದ್ದೆ ಹೋದರೆ ಇಳಿಸುವಿಕೆಯೂ ನಿಲ್ಲುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನೂರರಲ್ಲಿ ಹನ್ನೊಂದು.

ಇಳಿಸುವಿಕೆ ಮೊದಲಾಗುವುದೇ ಇಲ್ಲವೆಂದರೆ ಕಾರಣ ಹೆಚ್ಚಾಗಿ ಮನೆಯ ಕಾವಲುಗಾರನೇ. ಕಿವಿಕ್ಸಿಗೆ ಹೊರೆ ಹೊತ್ತು ತರುವ ಆಳು ಬೇರೆ ಒಬ್ಬನಿದ್ದಾನೆ, ‘ಆರಿಯಾ ಟು’ ಎಂದು ಹೆಸರು. ವೈರಸ್ ತಡೆಯುವ ಕೆಲವು ತಂತ್ರಾಂಶಗಳು ಇವನನ್ನು ಕಳ್ಳನೆಂದು ಭಾವಿಸಿ ಹಿಡಿದಿಡುತ್ತವೆ. ಆಗ ಕಿವಿಕ್ಸ್ ಓದಿಸಬಲ್ಲುದು, ತರಲಾರದು. ಅವನನ್ನು ಬಿಡಿಸುವ ವ್ಯವಹಾರ ನಿಮಗೆ ಬಾರದಿದ್ದರೆ ಚಿಂತೆಯಿಲ್ಲ. ಕಿವಿಕ್ಸಿನ ಗ್ರಂಥಾಲಯದ ಪುಟಕ್ಕೆ ಎಂದಿನ ಬ್ರೌಸರಿನಲ್ಲೇ ಹೋಗಿ, ಜಿಮ್ ಕಡತವನ್ನು ನೇರವಾಗಿ ಇಳಿಸಿಕೊಂಡು, ಕಿವಿಕ್ಸಿನಲ್ಲಿ ‘ಓಪನ್ ಫೈಲ್’ ಒತ್ತಿ ಅದನ್ನು ತೋರಿಸಿದರಾಯಿತು. ನಾನು ಈಗ ಹೀಗೆಯೇ ಮಾಡುತ್ತೇನೆ.

ಬಂದ ಕಡತ ಪೂರ್ತಿ ಬಂದಿದೆಯೇ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆ ನಮ್ಮ ಹಳೆಯ ಲಿಪಿಕಾರರಿಗೂ ಬಂದಿತ್ತು. ತಾಳೆಗರಿಯ ಪ್ರತಿ ಮಾಡುವವನು ಕೊನೆಗೆ ಗ್ರಂಥಸಂಖ್ಯೆಯನ್ನು ಬರೆದಿಡುವುದುಂಟು. ಮುಂದೆ ಪ್ರತಿ ಮಾಡುವವನು ಎಣಿಸಿ ನೋಡಿ, ಸಂಖ್ಯೆ ಕೂಡದಿದ್ದರೆ ಎಲ್ಲೋ ಗರಿ ಜಾರಿದೆ ಎಂದು ತಿಳಿಯುತ್ತಿದ್ದ. ಜಿಮ್ ಕಡತಕ್ಕೂ ಅಂಥದೇ ಸಂಖ್ಯೆಯನ್ನು ಪ್ರಕಟಿಸಿರುತ್ತಾರೆ. ಅದಕ್ಕೆ ಶಾ 256 ಎಂದು ಹೆಸರು, ಅರವತ್ತನಾಲ್ಕು ಅಕ್ಷರಾಂಕಗಳ ಒಂದು ಸರ. ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ ‘ಸರ್ಟ್‌ಯುಟಿಲ್’ ಎಂಬ ಆಜ್ಞೆಗೆ ನಿಮ್ಮ ಕಡತವನ್ನು ಒಪ್ಪಿಸಿದರೆ ಅದು ಇನ್ನೊಂದು ಸರವನ್ನು ಎಣಿಸಿ ಕೊಡುತ್ತದೆ. ಎರಡೂ ಅಕ್ಷರಶಃ ಕೂಡಿದರೆ ಪ್ರತಿ ಶುದ್ಧ. ಒಂದು ಅಂಕ ಬೇರೆಯಾದರೂ ಮತ್ತೆ ಇಳಿಸಬೇಕು. ಲಿಪಿಕಾರನಿಗೆ ಇಂಥ ಸೌಕರ್ಯವಿದ್ದಿದ್ದರೆ ಪಾಠಾಂತರಗಳ ಮೇಲೆ ಪಂಡಿತರು ಜಗಳವಾಡುವ ಸಂದರ್ಭವೇ ಬರುತ್ತಿರಲಿಲ್ಲ. ನಮ್ಮಲ್ಲಿ ಕೆಲವರಿಗೆ ಉದ್ಯೋಗವೂ ಇರುತ್ತಿರಲಿಲ್ಲ.

ಈಗ ನವೀಕರಣದ ಮಾತು. ಇದರಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಕೊಳ್ಳಬೇಕು.

ಜಿಮ್ ಕಡತದ ಹೆಸರಿನ ಕೊನೆಯಲ್ಲಿ ವರ್ಷ, ತಿಂಗಳು ಇರುತ್ತದೆ. ಅದು ಪಂಚಾಂಗದ ಸಂವತ್ಸರವಿದ್ದಂತೆ. ಕಳೆದ ವರ್ಷದ ಪಂಚಾಂಗವನ್ನು ತಿದ್ದಿ ಈ ವರ್ಷಕ್ಕೆ ಮಾಡಲಾಗದು, ಹೊಸದನ್ನೇ ತರಬೇಕು. ಹಾಗೆಯೇ ಇಲ್ಲಿ ಹೊಸ ಸಂಗತಿಯಷ್ಟನ್ನೇ ಸೇರಿಸುವ ದಾರಿಯಿಲ್ಲ. ಪೂರ್ತಿ ಕಡತವನ್ನು ಮತ್ತೊಮ್ಮೆ ಇಳಿಸಬೇಕು. 2023ರ ಜೂನಿನಲ್ಲಿ, ಶಾಲೆ ತೆರೆದ ಹೊಸತರಲ್ಲಿ, ಹೊಸ ಕಡತ ಬಂದಿರುವುದನ್ನು ಕಂಡು ನನಗೆ ಉತ್ಸಾಹ ಬಂತು. ಶಾಲೆಯ ಯಂತ್ರದಲ್ಲಿ ಜಾಗ ಸಾಲದು. ಹೊಸದು ಬರುತ್ತಿದೆಯಲ್ಲ ಎಂಬ ಧೈರ್ಯದಿಂದ ಹಳೆಯದನ್ನು ಅಳಿಸಿ ಇಳಿಸುವುದಕ್ಕೆ ಹಚ್ಚಿದೆ. ಅರ್ಧ ದಾಟಿತ್ತು. ಸಂಜೆ ಗುಡುಗು ಸಿಡಿಲು ಕೂಡಿ ಬಂತು. ಹಿಂದೆ ನಮ್ಮ ಮನೆಯಲ್ಲಿ ರೇಡಿಯೋ ಬಂದ ಕಾಲಕ್ಕೆ, ಗುಡುಗಿನ ಸದ್ದು ಕೇಳಿದೊಡನೆ ತಂದೆಯವರು ಓಡಿಹೋಗಿ ಏರಿಯಲಿನ ತಂತಿಯನ್ನು ಕಳಚುತ್ತಿದ್ದರು. ಮಗನಾದ ನಾನು ಮೋಡೆಮ್ಮಿನ ತಂತಿಯನ್ನು ಕಳಚಲಿಲ್ಲ. ಅದು ಸುಟ್ಟುಹೋಯಿತು. ಹೊಸ ಮೋಡೆಮ್ ಬಂದು, ಸಂಪರ್ಕ ಸರಿಯಾಗಿ, ಕಡತ ಪೂರ್ತಿಯಾಗುವುದಕ್ಕೆ ಇಪ್ಪತ್ತೆಂಟು ದಿನ ಹಿಡಿಯಿತು.

ಆ ಇಪ್ಪತ್ತೆಂಟು ದಿನಗಳಲ್ಲಿ ಒಬ್ಬ ಹುಡುಗಿಗೆ ಆ ಕೋಶ ಬೇಕಾಗಿತ್ತು. ಒಂಬತ್ತನೆಯ ತರಗತಿಯವಳು, ಮನೆಯಲ್ಲಿ ಇಂಟರ್‌ನೆಟ್ಟಿರಲಿಲ್ಲ, ಸಂಜೆ ಬಸ್ಸು ಬರುವ ತನಕ ಶಾಲೆಯ ಯಂತ್ರದ ಮುಂದೆ ಕೂತು ಓದುತ್ತಿದ್ದಳು. ಜುಲೈ ತಿಂಗಳಲ್ಲಿ ಪ್ರಬಂಧ ಸ್ಪರ್ಧೆ, ವಿಷಯ ಚಂದ್ರಯಾನ. ಮೂರನೆಯ ಚಂದ್ರಯಾನ ಆ ವರ್ಷ ಜುಲೈ 14ರಂದು ಹಾರುವುದರಲ್ಲಿತ್ತು. ಮರುದಿನ ಬಂದು ಖಾಲಿ ಕಿಟಕಿಯನ್ನು ನೋಡಿ ಅವಳು ಕೇಳಿದ್ದು ಒಂದೇ ಮಾತು: ‘ಸರ್, ಹಳೆಯದೇ ಇದ್ದಿದ್ರೆ ಸಾಕಿತ್ತಲ್ಲ?’ ನಾನು ವ್ಯಾಕರಣದ ಅಧ್ಯಾಪಕ, ಪ್ರಶ್ನಾರ್ಥಕ ವಾಕ್ಯಕ್ಕೆ ಉತ್ತರವಿಲ್ಲದೆ ನಿಂತೆ. ಕೊನೆಗೆ ಗಾಜಿನ ಕಪಾಟಿನಿಂದ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟವನ್ನು ತೆಗೆದು, ಧೂಳು ಕೊಡವಿ, ಕೊಟ್ಟೆ. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಮೊದಲೇ ಬರೆದ ಪುಸ್ತಕ ಅದು. ಚಂದ್ರನ ಕುರಿತು ಅವಳು ಬರೆದುದು ಸೊಗಸಾಗಿತ್ತು. ಮೊದಲ ಚಂದ್ರಯಾನ 2008ರಲ್ಲಿ ಹೊರಟಿತೆಂಬುದನ್ನು ಮಾತ್ರ ಯಾರದೋ ಬಾಯಿಮಾತು ನಂಬಿ 2005 ಎಂದು ಬರೆದಿದ್ದಳು. ಎರಡನೆಯದರ ಬಗ್ಗೆ ಒಂದು ಸಾಲು. ಬಹುಮಾನ ಬರಲಿಲ್ಲ. ಅವಳು ನನ್ನನ್ನು ದೂರಲಿಲ್ಲ, ಅದು ಇನ್ನೂ ಕಷ್ಟ.

ಆದಕಾರಣ ಹೊಸ ಕಡತ ಪೂರ್ತಿ ಬಂದು, ಸಂಖ್ಯೆ ಕೂಡಿ, ನಾಲ್ಕು ಲೇಖನ ತೆರೆದು ನೋಡುವವರೆಗೆ ಹಳೆಯದನ್ನು ಮುಟ್ಟಬೇಡಿ. ಜಾಗವಿಲ್ಲದಿದ್ದರೆ ಹಳೆಯದನ್ನು ಹೊರಗಿನ ಡಿಸ್ಕಿಗೆ ದಾಟಿಸಿಡಿ. ನವೀಕರಣವನ್ನು ಮೇ ತಿಂಗಳಿನಲ್ಲಿಯೇ, ಹಪ್ಪಳ ಒಣಗಿಸುವ ಬಿಸಿಲಿನಲ್ಲಿಯೇ ಮುಗಿಸಿ. ಆಗಲೂ ಸಂಜೆಯ ಸಿಡಿಲಿನ ಮೇಲೆ ಒಂದು ಕಣ್ಣಿರಲಿ. ಕಿವಿಕ್ಸ್ ಎಂಬ ಕನ್ನಡಕದ ಹೊಸ ಆವೃತ್ತಿ ಬಂದಾಗಲೂ ಹಳೆಯ ಫೋಲ್ಡರನ್ನು ಹಾಗೇ ಬಿಟ್ಟು, ಹೊಸದನ್ನು ಪಕ್ಕದಲ್ಲಿ ಬಿಚ್ಚಿ ನೋಡಿ.

ಹುಡುಕುವಾಗ ಬರುವ ಒಂದು ತೊಡಕು ಕನ್ನಡಿಗರಿಗೇ ಮೀಸಲು. ಹಳೆಯ ನುಡಿ ಫಾಂಟುಗಳಲ್ಲಿ ಬರೆದು ರೂಢಿಯಾದವರು ಅದರಲ್ಲೇ ‘ಯಕ್ಷಗಾನ’ ಎಂದು ಒತ್ತಿದರೆ ಹುಡುಕು ಪೆಟ್ಟಿಗೆಯಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಉದುರುತ್ತವೆ, ಕೋಶದಲ್ಲಿ ಏನೂ ಸಿಕ್ಕುವುದಿಲ್ಲ. ಕೋಶದ ತಪ್ಪಲ್ಲ, ಅದು ಯುನಿಕೋಡಿನಲ್ಲಿದೆ, ನೀವು ಬೇರೆ ಸಂಕೇತದಲ್ಲಿ ಕೇಳುತ್ತಿದ್ದೀರಿ. ನುಡಿಯಲ್ಲೇ ಯುನಿಕೋಡ್ ಎಂಬ ಆಯ್ಕೆಯಿದೆ, ಅದಕ್ಕೆ ಬದಲಿಸಿಕೊಳ್ಳಿ. ಬೆರಳಿನ ಅಭ್ಯಾಸ ಬದಲಾಗಬೇಕಾಗಿಲ್ಲ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಅಲ್ಲಿಯೂ ನಡೆಯುತ್ತದೆ.

ಶಾಲೆಯವರಿಗೆ, ಅಥವಾ ಮನೆಯಲ್ಲಿ ಎರಡು ಮೂರು ಯಂತ್ರಗಳಿರುವವರಿಗೆ ಒಂದು ಉಪಕಾರದ ಮಾತು. ಕಿವಿಕ್ಸಿನ ಪಟ್ಟಿಯಲ್ಲಿ ‘ಲೋಕಲ್ ಕಿವಿಕ್ಸ್ ಸರ್ವರ್’ ಎಂಬುದೊಂದಿದೆ. ಅದನ್ನು ಒತ್ತಿದರೆ ಒಂದು ವಿಳಾಸ ತೋರುತ್ತದೆ, ಕೊನೆಯಲ್ಲಿ ಸಾಮಾನ್ಯವಾಗಿ 8080 ಎಂಬ ಸಂಖ್ಯೆ. ಅದೇ ವೈಫೈಗೆ ಸೇರಿದ ಬೇರೆ ಕಂಪ್ಯೂಟರು, ಮೊಬೈಲುಗಳಲ್ಲಿ ಆ ವಿಳಾಸವನ್ನು ಬರೆದರೆ, ಹೊರಗಿನ ಇಂಟರ್‌ನೆಟ್ಟು ಇಲ್ಲದೆಯೇ ಎಲ್ಲರೂ ಒಂದೇ ಕೋಶವನ್ನು ಓದಬಹುದು. ಒಂದು ಬಾವಿ, ಹಲವು ಕೊಡ. ಬೇರೆ ಯಂತ್ರಗಳಿಗೆ ಅದು ಕಾಣದಿದ್ದರೆ ವಿಂಡೋಸಿನ ಫೈರ್‌ವಾಲ್ ಎಂಬ ಬೇಲಿಯಲ್ಲಿ ಕಿವಿಕ್ಸಿಗೆ ದಣಪೆ ತೆರೆದಿಲ್ಲವೆಂದು ತಿಳಿಯಿರಿ.

ತಪ್ಪು ಕಂಡರೆ ಏನು ಮಾಡಬೇಕು? ನಿಮ್ಮಲ್ಲಿರುವ ಕಡತವನ್ನು ತಿದ್ದಲಾಗದು. ಮೂಲದ ವಿಕಿಪೀಡಿಯದಲ್ಲಿ, ಸಂಪರ್ಕವಿರುವ ದಿನ, ಆಧಾರ ಕೊಟ್ಟು ತಿದ್ದಬಹುದು. ನಾನೊಮ್ಮೆ ನಮ್ಮ ಕಡೆಯ ಒಂದು ಬಸದಿಯ ಹೆಸರಿನ ಕಾಗುಣಿತವನ್ನು ತಿದ್ದಿದೆ. ಕೆಲವು ತಿಂಗಳ ಮೇಲೆ ಹೊಸ ಕಡತ ಇಳಿಸಿ ಆ ಪುಟ ತೆರೆದಾಗ ನಾನು ಬರೆದ ಒತ್ತಕ್ಷರ ಅಲ್ಲಿತ್ತು. ಯಾವುದೋ ಊರಿನಲ್ಲಿ ಯಾರೋ ಇದನ್ನು ನೆಟ್ಟಿಲ್ಲದೆ ಓದುತ್ತಿರಬಹುದೆಂದು ಆ ದಿನ ಊಟವೂ ರುಚಿಸಿತು.

ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಕಳೆದ ಮೇ ತಿಂಗಳಲ್ಲಿ ತಮ್ಮನ ಕೈಯಲ್ಲಿ ಒಂದು ಪೆನ್‌ಡ್ರೈವ್ ಕೊಟ್ಟು ಕಳಿಸಿದ್ದಳು, ಕನ್ನಡದ ಕೋಶವೂ ಇಂಗ್ಲಿಷಿನ ಒಂದು ದೊಡ್ಡ ಕಡತವೂ ಬೇಕೆಂದು. ಕನ್ನಡದ್ದು ಸಲೀಸಾಗಿ ಹೋಯಿತು. ಇಂಗ್ಲಿಷಿನದು, ಜಾಗ ಧಾರಾಳವಾಗಿದ್ದರೂ, ಹೋಗಲೊಲ್ಲದು. ‘ಎಂತ ಮಾಡಿದ್ರೂ ಕಾಪಿ ಆಗುದಿಲ್ಲ ಸರ್’ ಎಂದು ಹುಡುಗ ಕೈ ಬಿಟ್ಟ. ಅಂಗಡಿಯಿಂದ ಬರುವ ಅನೇಕ ಪೆನ್‌ಡ್ರೈವುಗಳು ಫ್ಯಾಟ್ 32 ಎಂಬ ಹಳೆಯ ಕ್ರಮದಲ್ಲಿ ಕೋಣೆ ಮಾಡಿಕೊಂಡಿರುತ್ತವೆ. ಅದರಲ್ಲಿ 4 ಜಿಬಿ ಮುಟ್ಟುವ ಒಂದೇ ಕಡತ ಹಿಡಿಯುವುದಿಲ್ಲ, ಕೋಣೆ ಎಷ್ಟೇ ಖಾಲಿಯಿರಲಿ. ಅದನ್ನು ಎಕ್ಸ್‌ಫ್ಯಾಟ್ ಕ್ರಮಕ್ಕೆ ಫಾರ್ಮ್ಯಾಟ್ ಮಾಡಬೇಕು, ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಒಳಗೆ ಅವರ ಮನೆಯ ಗೃಹಪ್ರವೇಶದ ಪಟಗಳಿದ್ದವು. ಮೊದಲು ಅವನ್ನು ಶಾಲೆಯ ಯಂತ್ರಕ್ಕೆ ದಾಟಿಸಿದೆ, ಆಮೇಲೆ ಫಾರ್ಮ್ಯಾಟ್ ಮಾಡಿ, ಎರಡು ಕಡತಗಳನ್ನು ತುಂಬಿ, ಪಟಗಳನ್ನು ತಿರುಗಿ ಒಳಗಿಟ್ಟೆ. ಅಷ್ಟರಲ್ಲಿ ಪಡುವಣದಲ್ಲಿ ಗುಡುಗಿತು. ಎದ್ದು ಹೋಗಿ ಮೋಡೆಮ್ಮಿನ ತಂತಿಯನ್ನು ಕಳಚಿ ಬಂದೆ.